ಮಸಿಯೊಳಗಿನ ಕಬ್ಬಿಣ: ಒಂದು ಹಳೇ ಪುಸ್ತಕ ನನಗೆ ಎಕ್ಸ್‌ಆರ್‌ಎಫ್ ಕಲಿಸಿದ ಬಗೆ

ಎಕ್ಸ್‌ಆರ್‌ಎಫ್ ಅಂದರೆ ಎಕ್ಸ್-ರೇ ಫ್ಲೋರೆಸೆನ್ಸ್, ವಸ್ತುವಿನ ಮೇಲೆ ಎಕ್ಸ್-ರೇ ಬಿಟ್ಟು ಅದರಲ್ಲಿ ಯಾವ ಧಾತು ಇದೆ ಅಂತ ಕಂಡುಹಿಡಿಯುವ ವಿಧಾನ. ಅದನ್ನು ಕಲಿಯಲು ಶುರು ಮಾಡಿದ ಮೊದಲ ವಾರ ನಾನು ಗಾಳಿಯಲ್ಲಿ ಬೆಳ್ಳಿ ಕಂಡುಹಿಡಿದೆ. ಮನೆಯ ಹಳೇ ಹಿತ್ತಾಳೆ ಕುಂಕುಮದ ಭರಣಿಯನ್ನು ತಂದು ಯಂತ್ರದ ಡಬ್ಬಿಯೊಳಗೆ ಇಟ್ಟಿದ್ದೆ. ತೆರೆಯ ಮೇಲೆ ತಾಮ್ರ ಮತ್ತು ಸತುವಿನ ಗೋಪುರಗಳು ಎದ್ದವು. ಅದು ಗೊತ್ತಿದ್ದದ್ದೇ. ಎಡಗಡೆ ಮೂಲೆಯಲ್ಲಿ 2.96ರ ಹತ್ತಿರ ಇನ್ನೊಂದು ಪುಟ್ಟ ಗುಡ್ಡ ಕಂಡಿತು. ಯಾವ ಧಾತುವಿನ ಗೆರೆ ಯಾವ ಅಂಕಿಯಲ್ಲಿ ಏಳುತ್ತದೆ ಅಂತ ಗೋಡೆಗೆ ಅಂಟಿಸಿದ ಪಟ್ಟಿ ನೋಡಿದೆ. ಬೆಳ್ಳಿಯ ಒಂದು ಗೆರೆ 2.98.

"ಮೇಡಂ, ಇದರಲ್ಲಿ ಬೆಳ್ಳಿ ಇದೆ!" ಅಂದೆ. ಅಜ್ಜಿಯ ಭರಣಿ ಅಲ್ವಾ, ಸ್ವಲ್ಪ ಹೆಮ್ಮೆಯೂ ಆಯಿತು.

ಕೆಲಸ ಕಲಿಸುತ್ತಿದ್ದ ಮೇಡಂ ಏನೂ ಹೇಳಲಿಲ್ಲ. ಭರಣಿ ತೆಗೆದು ಅದೇ ಜಾಗದಲ್ಲಿ ಒಂದು ಪ್ಲಾಸ್ಟಿಕ್ ತುಂಡು ಇಟ್ಟು, ಮುಚ್ಚಳ ಹಾಕಿ, ಮತ್ತೆ ಓಡಿಸಿದರು. ತಾಮ್ರ, ಸತು ಎರಡೂ ಮಾಯ. ಬೆಳ್ಳಿ ಮಾತ್ರ ಕದಲಲಿಲ್ಲ.

"ಗಾಳೀಲಿ ನೂರಕ್ಕೆ ಹತ್ತಿರ ಹತ್ತಿರ ಒಂದು ಪಾಲು ಆರ್ಗಾನ್ ಇರುತ್ತಪ್ಪ," ಅಂದರು. "ಅದರ ಗೆರೆ 2.96. ಬೆಳ್ಳಿ ಬೇಕು ಅಂದ್ರೆ 22.16ರಲ್ಲಿ ಹೋಗಿ ಹುಡುಕು. ಅಲ್ಲಿ ಇಲ್ಲ ಅಂದ್ರೆ ಬೆಳ್ಳಿ ಇಲ್ಲ."

ಆಮೇಲೆ ಒಂದು ಕೆಲಸ ಕೊಟ್ಟರು. ಇನ್ನು ಒಂದು ತಿಂಗಳು ಯಂತ್ರ ಮುಟ್ಟುವ ಹಾಗಿಲ್ಲ. ಬೇರೆಯವರು ಮಾಡಿ ಮುಗಿಸಿದ ಒಂದೇ ಒಂದು ಪ್ರಕರಣವನ್ನು ತುದಿಯಿಂದ ಬುಡದವರೆಗೆ ಓದಿ, ಎಲ್ಲಿ ಯಾವ ಪ್ರಶ್ನೆ ಕೇಳಿದರು, ಯಾಕೆ ಕೇಳಿದರು ಅಂತ ಬರೆಯಬೇಕು. ನಾನು ಆರಿಸಿಕೊಂಡದ್ದು ಆರ್ಕಿಮಿಡೀಸ್ ಪಾಲಿಂಪ್ಸೆಸ್ಟ್ ಎಂಬ ಹಳೇ ಪುಸ್ತಕ. ಅದೇ ಟಿಪ್ಪಣಿಯನ್ನು ತಿದ್ದಿ ಇಲ್ಲಿ ಕೊಡುತ್ತಿದ್ದೇನೆ. ಅಂಕಿಗಳ ಬಗ್ಗೆ ಒಂದು ಮಾತು: 2.96, 6.40 ಅಂತ ಬಂದಲ್ಲೆಲ್ಲ ಅದು ಎಕ್ಸ್-ರೇ ಕಿರಣದ ಶಕ್ತಿ, ಅಳತೆ ಕಿಲೋ ಎಲೆಕ್ಟ್ರಾನ್ ವೋಲ್ಟ್.

ಕೆರೆದ ಪುಸ್ತಕ

ಹತ್ತನೇ ಶತಮಾನದಲ್ಲಿ, ಇವತ್ತಿನ ಇಸ್ತಾಂಬುಲ್ ಆಗಿರುವ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಒಬ್ಬ ಲಿಪಿಕಾರ ಪ್ರಾಚೀನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಬರಹಗಳನ್ನು ಚರ್ಮದ ಹಾಳೆಗಳ ಮೇಲೆ ನಕಲು ಮಾಡಿದ. ಆರ್ಕಿಮಿಡೀಸ್ ಸತ್ತು ಅದಾಗಲೇ ಸಾವಿರ ವರ್ಷದ ಮೇಲಾಗಿತ್ತು. 13ನೇ ಶತಮಾನದಲ್ಲಿ ಯಾರಿಗೋ ಪ್ರಾರ್ಥನಾ ಪುಸ್ತಕ ಬೇಕಾಯಿತು. ಚರ್ಮದ ಹಾಳೆ ಅಗ್ಗದ ವಸ್ತುವಲ್ಲ. ಹಳೇ ಪುಸ್ತಕ ಬಿಚ್ಚಿದರು, ಮಸಿ ಕೆರೆದರು, ಮಧ್ಯಕ್ಕೆ ಕತ್ತರಿಸಿದರು, ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ ಮಡಚಿ ಹೊಸ ಪುಸ್ತಕ ಹೊಲಿದರು. ಗಣಿತದ ಸಾಲುಗಳು ಒಂದು ದಿಕ್ಕಿಗೆ, ಅವುಗಳ ಮೇಲೆ ಅಡ್ಡಡ್ಡ ಪ್ರಾರ್ಥನೆಯ ಸಾಲುಗಳು. ಹೀಗೆ ಕೆರೆದು ಮತ್ತೆ ಬರೆದ ಪುಸ್ತಕಕ್ಕೆ ಪಾಲಿಂಪ್ಸೆಸ್ಟ್ ಅನ್ನುತ್ತಾರೆ. ತೊಂಡೆ ಸೊಪ್ಪು ತಿಕ್ಕಿ ಸ್ಲೇಟು ಒರೆಸಿದವರಿಗೆ ಇದು ಹೊಸದೇನಲ್ಲ. ಎಷ್ಟು ತಿಕ್ಕಿದರೂ ನಿನ್ನೆಯ ಮಗ್ಗಿ ತೆಳ್ಳಗೆ ಕಾಣುತ್ತಲೇ ಇರುತ್ತಿತ್ತು.

1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಯೋಹಾನ್ ಲುಡ್ವಿಗ್ ಹೈಬೆರ್ಗ್ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಈ ಪುಸ್ತಕ ನೋಡಿದರು. ಅಡಿಯ ಅಕ್ಷರ ಆರ್ಕಿಮಿಡೀಸನದು ಅಂತ ಗುರುತಿಸಿದರು. ಫೋಟೋ ತೆಗೆಸಿ, ಭೂತಗನ್ನಡಿ ಹಿಡಿದು, ಓದಲು ಆದಷ್ಟನ್ನು ಓದಿ ಪ್ರಕಟಿಸಿದರು. ಆರ್ಕಿಮಿಡೀಸನ 'ವಿಧಾನ' ಎಂಬ ಬರಹಕ್ಕೆ ಇರುವುದು ಇದೊಂದೇ ಪ್ರತಿ. 'ತೇಲುವ ವಸ್ತುಗಳು' ಗ್ರೀಕ್ ಭಾಷೆಯಲ್ಲಿ ಉಳಿದಿರುವುದೂ ಇದರಲ್ಲೇ. ಆದರೆ ಪುಸ್ತಕ ಹೊಲಿದೇ ಇತ್ತು. ಹಾಳೆಗಳನ್ನು ತಿರುಗಿಸಿ ಮಡಚಿದ್ದರಿಂದ ಎಷ್ಟೋ ಸಾಲುಗಳ ನಡುಭಾಗ ಬೆನ್ನಿನ ಹೊಲಿಗೆಯೊಳಗೆ ಹೂತುಹೋಗಿತ್ತು.

ಆಮೇಲಿನದು ಹೊಟ್ಟೆ ಉರಿಸುವ ಕಥೆ. ಪುಸ್ತಕ ಕಣ್ಮರೆಯಾಯಿತು. ಮತ್ತೆ ಹೊರಬಂದಾಗ ಬೂಷ್ಟು ತಿಂದಿತ್ತು, ಬೆನ್ನಿಗೆ ಗೋಂದು ಮೆತ್ತಿತ್ತು, ನಾಲ್ಕು ಹಾಳೆಗಳ ಮೇಲೆ ಚಿನ್ನದ ಹಿನ್ನೆಲೆಯ ಸಂತರ ಚಿತ್ರಗಳು ಬಂದು ಕೂತಿದ್ದವು. ಹೈಬೆರ್ಗ್ ನೋಡಿದಾಗ ಈ ಚಿತ್ರಗಳು ಇರಲೇ ಇಲ್ಲ. ಹಳೇ ಕಾಲದ ಚಿತ್ರ ಅನಿಸಲಿ, ಬೆಲೆ ಏರಲಿ ಅಂತ 20ನೇ ಶತಮಾನದಲ್ಲಿ ಯಾರೋ ಬರೆದ ಖೋಟಾ ಚಿತ್ರಗಳು. ಆರ್ಕಿಮಿಡೀಸನ ಮೇಲೆ ಬಣ್ಣ ಬಳಿದು ಬೆಲೆ ಏರಿಸುವುದು! ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಕಾಫಿ ಕುಡಿಯಲು ಎದ್ದು ಹೋದೆ.

1998ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಹೆಸರು ಹೇಳಲು ಬಯಸದ ಒಬ್ಬರು ಇದನ್ನು 20 ಲಕ್ಷ ಡಾಲರ್‌ಗೆ ಕೊಂಡರು. ಕಪಾಟಿನಲ್ಲಿಟ್ಟು ಬೀಗ ಹಾಕಲಿಲ್ಲ. ಬಾಲ್ಟಿಮೋರ್‌ನ ವಾಲ್ಟರ್ಸ್ ಆರ್ಟ್ ಮ್ಯೂಸಿಯಂಗೆ ಒಪ್ಪಿಸಿ, ಅಧ್ಯಯನಕ್ಕೆ ದುಡ್ಡನ್ನೂ ಕೊಟ್ಟರು. ಅಲ್ಲಿನ ಸಂರಕ್ಷಕಿ ಅಬಿಗೇಲ್ ಕ್ವಾಂಟ್ ಪುಸ್ತಕ ಬಿಚ್ಚಲು ತೆಗೆದುಕೊಂಡದ್ದು ಸುಮಾರು ನಾಲ್ಕು ವರ್ಷ. ಓದುವುದಕ್ಕಲ್ಲ, ಬರೀ ಬಿಚ್ಚುವುದಕ್ಕೆ. ಯಂತ್ರದ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ನಾಲ್ಕು ವರ್ಷ. ಆ ಕೆಲಸ ಆಗದೇ ಇದ್ದಿದ್ದರೆ ಮುಂದಿನ ಯಾವ ಕಿರಣಕ್ಕೂ ಸಮತಟ್ಟಾದ ಒಂದು ಹಾಳೆ ಸಿಗುತ್ತಿರಲಿಲ್ಲ.

ಬೆಳಕು ಸೋತ ಜಾಗ

ಎಕ್ಸ್-ರೇ ಇಲ್ಲಿ ಮೊದಲ ಮದ್ದಲ್ಲ. ಮೊದಲು ಬಂದದ್ದು ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಫೋಟೋ ತೆಗೆಯುವ ವಿಧಾನ. ನೇರಳಾತೀತ ಬೆಳಕಿನಲ್ಲಿ ಚರ್ಮ ಮಿನುಗುತ್ತದೆ, ಮಸಿ ಇರುವಲ್ಲಿ ಕಪ್ಪಾಗಿ ಕಾಣುತ್ತದೆ. ಕೆಂಪು ಬೆಳಕಿನಲ್ಲಿ ಅಡಿಯ ತೆಳು ಮಸಿ ಹೆಚ್ಚುಕಡಿಮೆ ಮಾಯವಾಗಿ ಮೇಲಿನ ಪ್ರಾರ್ಥನೆ ಮಾತ್ರ ಉಳಿಯುತ್ತದೆ. ಎರಡನ್ನೂ ಕಂಪ್ಯೂಟರಿನಲ್ಲಿ ಸೇರಿಸಿದರೆ ಆರ್ಕಿಮಿಡೀಸ್ ಕೆಂಪಾಗಿ, ಪ್ರಾರ್ಥನೆ ಕಪ್ಪಾಗಿ ಕಾಣುತ್ತದೆ. ಬಹಳಷ್ಟು ಪುಟಗಳು ಹೀಗೇ ಓದಿಸಿಕೊಂಡವು.

ಆದರೆ ಚಿನ್ನ ಮತ್ತು ಬಣ್ಣ ಮುಚ್ಚಿದ ನಾಲ್ಕು ಹಾಳೆಗಳಲ್ಲಿ ಬೆಳಕು ಒಳಗೆ ಹೋಗುವುದೇ ಇಲ್ಲ. ಕೊಳೆ, ಬೂಷ್ಟು ಹಿಡಿದ ಕೆಲವು ಪುಟಗಳಲ್ಲೂ ಅದೇ ಪಾಡು. ಎಕ್ಸ್‌ಆರ್‌ಎಫ್‌ಗೆ ಜಾಗ ಸಿಕ್ಕಿದ್ದು ಇಲ್ಲಿ. ನನ್ನಂಥ ಹೊಸಬರು ಇದನ್ನು ಗಮನಿಸಬೇಕು. ನಾವು ಕೈಗೆ ಯಂತ್ರ ಸಿಕ್ಕಿದ ಕೂಡಲೇ ಎಲ್ಲದರ ಮೇಲೂ ಹಿಡಿಯುತ್ತೇವೆ. ಇವರು ಕಣ್ಣಲ್ಲಿ ಆಗುವುದನ್ನು ಕಣ್ಣಲ್ಲಿ, ಬೆಳಕಿನಲ್ಲಿ ಆಗುವುದನ್ನು ಬೆಳಕಿನಲ್ಲಿ ಮುಗಿಸಿ, ಉಳಿದ ಕೆಲವೇ ಪುಟಗಳನ್ನು ಎಕ್ಸ್-ರೇಗೆ ಒಯ್ದರು.

ಮಾಚಿಕಾಯಿ ಮತ್ತು ಅನ್ನಭೇದಿ

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಿಂಕ್ರೊಟ್ರಾನ್ ಪ್ರಯೋಗಾಲಯದಲ್ಲಿ ಉವೆ ಬರ್ಗ್‌ಮನ್ ಎಂಬ ಭೌತವಿಜ್ಞಾನಿ ಇದ್ದರು. ಅವರ ಕೆಲಸ ಸಸ್ಯಗಳಿಗೆ ಸಂಬಂಧಿಸಿದ್ದು. ಎಲೆ ಬಿಸಿಲಿನಲ್ಲಿ ಆಹಾರ ಮಾಡುವಾಗ ಅದರೊಳಗಿನ ಲೋಹದ ಪರಮಾಣುಗಳು ಏನು ಮಾಡುತ್ತವೆ ಅಂತ ಎಕ್ಸ್-ರೇಯಿಂದ ನೋಡುವುದು. 2003ರಲ್ಲಿ ಒಂದು ಪತ್ರಿಕೆಯಲ್ಲಿ ಪಾಲಿಂಪ್ಸೆಸ್ಟ್ ಬಗ್ಗೆ ಓದುವಾಗ ಅವರ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ವಿವರ: ಈ ಮಸಿಯಲ್ಲಿ ಕಬ್ಬಿಣ ಇದೆ.

ಹಳೇ ಕಾಲದ ಆ ಮಸಿಯ ಸಾಮಾನು ನಮ್ಮ ಮನೆಗಳಿಗೂ ಗೊತ್ತಿರುವುದೇ. ಒಂದು, ಓಕ್ ಮರದ ಗಂಟು. ಬಾಣಂತಿ ಮನೆಯಲ್ಲಿ ಮಗುವಿಗೆ ತೇಯ್ದು ನೆಕ್ಕಿಸುವ ಮಾಚಿಕಾಯಿ ಅದೇ ಜಾತಿಯದು. ಇನ್ನೊಂದು, ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್. ಮಾಚಿಕಾಯಿಯ ಒಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪು ಬಣ್ಣ. ಬರೆದ ಮೇಲೆ ಗಾಳಿ ತಾಗಿ ಇನ್ನೂ ಕಪ್ಪಾಗುತ್ತದೆ, ಚರ್ಮದೊಳಕ್ಕೆ ಇಳಿಯುತ್ತದೆ. ಕೆರೆದಾಗ ಹೋದದ್ದು ಮೇಲಿನ ಕಪ್ಪು. ಒಳಗೆ ಇಳಿದ ಕಬ್ಬಿಣ ಅಲ್ಲೇ ಉಳಿಯಿತು, ಅಕ್ಷರದ ಆಕಾರದಲ್ಲೇ.

ಈಗ ಯಂತ್ರದ ಕೆಲಸ ಹೇಳುವುದು ಸುಲಭ. ಕಬ್ಬಿಣದ ಪರಮಾಣುವಿನ ತೀರಾ ಒಳಗಿನ ಸುತ್ತಿನಲ್ಲಿರುವ ಎಲೆಕ್ಟ್ರಾನನ್ನು ಹೊರಗೆ ತಳ್ಳಲು 7.11 ಶಕ್ತಿ ಬೇಕು. ಅದಕ್ಕಿಂತ ಜಾಸ್ತಿ ಶಕ್ತಿಯ ಎಕ್ಸ್-ರೇ ಬಿದ್ದರೆ ಅವನು ಹೊರಗೆ. ಬಸ್ಸಿನಲ್ಲಿ ಮುಂದಿನ ಸೀಟು ಖಾಲಿಯಾದರೆ ಹಿಂದೆ ಕೂತವನು ಸುಮ್ನೆ ಇರುತ್ತಾನಾ? ಎದ್ದು ಬಂದು ಕೂರುತ್ತಾನೆ. ಹಾಗೆ ಬರುವಾಗ ಉಳಿದ ಶಕ್ತಿ ಇನ್ನೊಂದು ಎಕ್ಸ್-ರೇಯಾಗಿ ಹೊರಬೀಳುತ್ತದೆ. ಪಕ್ಕದ ಸುತ್ತಿನಿಂದ ಬಂದರೆ 6.40, ಅದಕ್ಕೂ ಆಚೆಯ ಸುತ್ತಿನಿಂದ ಬಂದರೆ 7.06. ಈ ಜೋಡಿ ಕಬ್ಬಿಣದ ಸಹಿ. ಬೇರೆ ಲೋಹಕ್ಕೆ ಬೇರೆ ಸಹಿ. ಸಹಿಗಳು ಕ್ರಮವಾಗಿ ಮೇಲೇರುತ್ತವೆ ಅಂತ 1913ರಲ್ಲಿ ತೋರಿಸಿದ್ದು ಹೆನ್ರಿ ಮೋಸ್ಲಿ.

ಜೋಡಿ ಅಂತ ಒತ್ತಿ ಹೇಳಲು ಕಾರಣ ಇದೆ. ಒಂದೇ ಗೆರೆ ನೋಡಿ ಹೆಸರು ಕೂಗುವುದು ನನ್ನ ಕುಂಕುಮದ ಭರಣಿಯ ತಪ್ಪು. ಚಿತ್ರಕಲೆಯ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಗುಂಡಿ ಒಂದಿದೆ. ಸೀಸದ ಮುಖ್ಯ ಗೆರೆ 10.55, ಆರ್ಸೆನಿಕ್‌ನದು 10.54. ಯಂತ್ರಕ್ಕೆ ಎರಡೂ ಒಂದೇ. ಹಳದಿ ಬಣ್ಣದಲ್ಲಿ ಆ ಗುಡ್ಡ ಕಂಡರೆ ಅದು ಅರಿದಾಳದ ಆರ್ಸೆನಿಕ್ಕೋ, ಕೆಳಗೆ ಬಳಿದ ಸಫೇದದ ಸೀಸವೋ? ಆಗ ಎರಡನೇ ಗೆರೆಗೆ ಹೋಗಬೇಕು. ಸೀಸಕ್ಕೆ 12.61ರಲ್ಲಿ, ಆರ್ಸೆನಿಕ್‌ಗೆ 11.73ರಲ್ಲಿ. ಆ 11.73ರ ಪಕ್ಕದಲ್ಲೇ 11.82ರಲ್ಲಿ ಕೆಂಪು ಬಣ್ಣದ ಇಂಗಳೀಕದಲ್ಲಿರುವ ಪಾದರಸ ಕೂತಿರುತ್ತದೆ ಅನ್ನುವುದು ಇನ್ನೊಂದು ತಲೆನೋವು. ಪಾಲಿಂಪ್ಸೆಸ್ಟ್ ತಂಡಕ್ಕೆ ಕಬ್ಬಿಣ ಸಿಕ್ಕಿದ್ದು ಅದೃಷ್ಟ ಅನ್ನಬೇಕು. ಅದರ ಸಹಿ ಸ್ಪಷ್ಟ, ಶಕ್ತಿಯೂ ಹದವಾದದ್ದು. ಗಾಳಿಯಲ್ಲಿ ಕಳೆದುಹೋಗುವಷ್ಟು ಕಡಿಮೆಯಲ್ಲ.

ಚಿನ್ನ ಅಡ್ಡ ಬರುವುದಿಲ್ವಾ? ನನಗೂ ಇದೇ ಅನುಮಾನ ಇತ್ತು. ಚಿನ್ನದ ರೇಕು ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ, ತೆಳುವಾಗಿರುತ್ತದೆ. ಕಣ್ಣಿಗೆ ಅದು ಗೋಡೆ. 6.40ರ ಕಿರಣಕ್ಕೆ ಜಾಳು ಪರದೆ. ಬಹುಪಾಲು ಆಚೆ ಬಂದುಬಿಡುತ್ತದೆ.

ಒಂದು ಚುಕ್ಕೆಗೆ ಎಷ್ಟು ಹೊತ್ತು

2005ರ ಮೇ ತಿಂಗಳಲ್ಲಿ ಮೊದಲ ಪ್ರಯೋಗ ನಡೆಯಿತು, 2006ರಲ್ಲಿ ಮತ್ತೆ. ಹಾಳೆಗಳು ಬಾಲ್ಟಿಮೋರ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಪ್ರಯಾಣ ಮಾಡಿದವು. ಸ್ಟ್ಯಾನ್‌ಫರ್ಡ್‌ನ ಸಿಂಕ್ರೊಟ್ರಾನ್ 234 ಮೀಟರ್ ಸುತ್ತಳತೆಯ ಒಂದು ಉಂಗುರ. ಅದರಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ತೀರಾ ಹತ್ತಿರದಲ್ಲಿ ಸುತ್ತುತ್ತವೆ. ತಿರುವುಗಳಲ್ಲಿ ಎಕ್ಸ್-ರೇ ಚಿಮ್ಮುತ್ತದೆ. ಅದನ್ನು ಕೂದಲೆಳೆಯಷ್ಟು ಸಣ್ಣ ಮಾಡಿ ಒಂದು ಜಾಗಕ್ಕೆ ಬಿಡುತ್ತಾರೆ. ಕಿರಣ ಕದಲುವುದಿಲ್ಲ, ಹಾಳೆ ಅದರ ಮುಂದೆ ಆಚೆ ಈಚೆ ಓಡಾಡುತ್ತದೆ. ಪ್ರತಿ ಚುಕ್ಕೆಯಲ್ಲೂ ಎಷ್ಟು ಕಬ್ಬಿಣ ಇದೆ ಅಂತ ಎಣಿಸಿ, ಕಬ್ಬಿಣ ಜಾಸ್ತಿ ಇದ್ದಲ್ಲಿ ಗಾಢವಾಗಿ, ಕಡಿಮೆ ಇದ್ದಲ್ಲಿ ತಿಳಿಯಾಗಿ ತೋರಿಸಿದರೆ ಒಂದು ನಕ್ಷೆ ಸಿಗುತ್ತದೆ. ಒಂದು ಪುಟಕ್ಕೆ ಸುಮಾರು 12 ಗಂಟೆ ಬೇಕಾಗುತ್ತಿತ್ತು.

12 ಗಂಟೆ ಅಂದರೆ ನಿಧಾನ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಪುಟ 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದ ಅಂತ ಇಟ್ಟುಕೊಳ್ಳೋಣ. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ 50 ಮೈಕ್ರಾನ್ ದೂರ. ಅಡ್ಡಕ್ಕೆ 3,000 ಚುಕ್ಕೆ, ಉದ್ದಕ್ಕೆ 4,000. ಒಟ್ಟು 1 ಕೋಟಿ 20 ಲಕ್ಷ. 12 ಗಂಟೆಗೆ 43,200 ಸೆಕೆಂಡು. ಭಾಗಿಸಿದರೆ ಒಂದು ಚುಕ್ಕೆಗೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲೂ ಸಿಗುವುದಿಲ್ಲ. ನನ್ನ ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಒಂದು ಚುಕ್ಕೆಗೆ 30 ಸೆಕೆಂಡು ಕೊಡುವುದು ವಾಡಿಕೆ. ಅದೇ ಪುಟವನ್ನು ಅದರಲ್ಲಿ ಮಾಡಲು ಹೊರಟರೆ ಹಗಲು ರಾತ್ರಿ ಬಿಡದೆ ಹನ್ನೊಂದು ವರ್ಷದ ಮೇಲೆ ಬೇಕು. ಚುಕ್ಕೆಯೂ ಅಷ್ಟು ಸಣ್ಣದಲ್ಲ, ಕೆಲವು ಮಿಲಿಮೀಟರ್ ಅಗಲ. ಒಂದಿಡೀ ಅಕ್ಷರ ಅದರೊಳಗೆ ಮುಳುಗಿಹೋಗುತ್ತದೆ.

ಈ ಲೆಕ್ಕ ಹಾಕಿದ ದಿನವೇ ನನಗೆ ಗೊತ್ತಾದದ್ದು, ಎಕ್ಸ್‌ಆರ್‌ಎಫ್ ಅನ್ನುವುದು ಒಂದು ಯಂತ್ರದ ಹೆಸರಲ್ಲ ಅಂತ. ಚಿನ್ನದ ಅಂಗಡಿಯ ಕ್ಯಾರೆಟ್ ಮೀಟರೂ ಎಕ್ಸ್‌ಆರ್‌ಎಫ್ಫೇ, ಆ 234 ಮೀಟರಿನ ಉಂಗುರದಲ್ಲಿ ನಡೆದದ್ದೂ ಅದೇ. ನಮ್ಮ ದೇಶದಲ್ಲಿ ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನಿನಲ್ಲೂ ಇದಕ್ಕೆಂದೇ ಒಂದು ಕಿರಣಸಾಲು ಇದೆ.

ಕ್ಯಾರೆಟ್ ಮೀಟರ್ ಅಂದ ಕೂಡಲೇ ಆರ್ಕಿಮಿಡೀಸನ ಕಿರೀಟ ನೆನಪಾಗದೇ ಇರುತ್ತದೆಯೇ? ಚಿನ್ನಕ್ಕೆ ಬೆಳ್ಳಿ ಬೆರೆಸಿದ್ದಾರಾ ಅಂತ ಕಿರೀಟ ಮುರಿಯದೆ ಕಂಡುಹಿಡಿ ಅಂತ ರಾಜ ಕೇಳಿದ್ದು, ಅವನು ಸ್ನಾನದ ತೊಟ್ಟಿಯಿಂದ ಎದ್ದು ಓಡಿದ್ದು. ವಸ್ತುವಿಗೆ ಗಾಯ ಮಾಡದೆ ಅದರ ಲೋಹ ಕೇಳುವ ಕೆಲಸಕ್ಕೆ ಅವನೇ ನಮ್ಮ ಹಿರಿಯಜ್ಜ. ತಮಾಷೆ ಏನೆಂದರೆ ಈ ಒಂದು ಪರೀಕ್ಷೆಯಲ್ಲಿ ಅವನ ನೀರಿನ ತೊಟ್ಟಿ ನಮ್ಮ ಯಂತ್ರಕ್ಕಿಂತ ಮೇಲು. ನೀರು ಇಡೀ ಕಿರೀಟವನ್ನು ಅಳೆಯುತ್ತದೆ. ಎಕ್ಸ್‌ಆರ್‌ಎಫ್ ಲೋಹದಲ್ಲಿ ನೋಡುವುದು ಬರೀ ಮೇಲಿನ ಸಿಪ್ಪೆ. ದಪ್ಪಗೆ ಚಿನ್ನದ ನೀರು ಹಾಕಿಸಿದ ತಾಮ್ರದ ಬಳೆಯನ್ನು ಇಟ್ಟರೆ ಅಪ್ಪಟ ಚಿನ್ನ ಅಂದುಬಿಡುತ್ತದೆ.

ನಕ್ಷೆ ಬಂತು, ಓದುವುದು ಹೇಗೆ

ಪತ್ರಿಕೆಗಳು ಎಕ್ಸ್-ರೇ ಆರ್ಕಿಮಿಡೀಸನನ್ನು ಓದಿತು ಅಂತ ಬರೆದವು. ನನಗೆ ಆ ಮಾತು ಸೇರುವುದಿಲ್ಲ. ಯಂತ್ರ ಹೇಳಿದ್ದು ಎಲ್ಲಿ ಎಷ್ಟು ಕಬ್ಬಿಣ ಇದೆ ಅಂತ ಅಷ್ಟೇ. ಆ ನಕ್ಷೆಯನ್ನು ಮೊದಲ ಸಲ ನೋಡಿದವರಿಗೆ ಅದು ಇರುವೆಗಳ ಜಾತ್ರೆ.

ಯಾಕೆಂದರೆ ಪ್ರಾರ್ಥನೆ ಬರೆದ ಮಸಿಯಲ್ಲೂ ಕಬ್ಬಿಣ ಇದೆ. ಅಡಿಯದೂ ಕಬ್ಬಿಣ, ಮೇಲಿನದೂ ಕಬ್ಬಿಣ. ಜೊತೆಗೆ ಹಾಳೆ ತೆಳ್ಳಗಿದೆ. 6.40ರ ಕಿರಣ ಚರ್ಮದ ಆ ಬದಿಯಿಂದ ಈ ಬದಿಗೆ ಹಾದು ಬರುತ್ತದೆ. ಹಾಗಾಗಿ ಹಿಂದಿನ ಪುಟದ ಎರಡೂ ಬರಹಗಳು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡು, ಮುಂದಿನ ಪುಟದ ಎರಡೂ ಬರಹಗಳ ಮೇಲೆ ಬಂದು ಕೂರುತ್ತವೆ. ಒಂದೇ ಚಿತ್ರದಲ್ಲಿ ನಾಲ್ಕು ಬರಹ. ಬೆಳಕಿನ ಫೋಟೋದಲ್ಲಿ ಇಲ್ಲದ ತೊಂದರೆ ಇದು. ಚಿನ್ನದ ಹಿಂದೆ ನೋಡಬಲ್ಲ ಕಿರಣ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ.

ಇಲ್ಲಿ ಕಲಿಯುವವರಿಗೆ ಒಂದು ಒಳ್ಳೆಯ ಪಾಠ ಇದೆ, ನನ್ನ ಟಿಪ್ಪಣಿಯಲ್ಲಿ ಮೇಡಂ ಕೆಂಪು ಗೆರೆ ಎಳೆದ ಜಾಗವೂ ಇದೇ. ನಾನು "ಎಕ್ಸ್‌ಆರ್‌ಎಫ್ ಮೇಲ್ಮೈಯನ್ನು ಮಾತ್ರ ನೋಡುತ್ತದೆ" ಅಂತ ಬರೆದಿದ್ದೆ. ಪಕ್ಕದಲ್ಲಿ ಅವರು ಬರೆದದ್ದು: "ಯಾವುದರ ಮೇಲ್ಮೈ? ಯಾವ ಗೆರೆ?" ಹಿತ್ತಾಳೆಯಲ್ಲಿ ತಾಮ್ರದ 8.05ರ ಕಿರಣ ಕೆಲವು ಹತ್ತು ಮೈಕ್ರಾನ್ ಆಳದಿಂದಷ್ಟೇ ಹೊರಬರುತ್ತದೆ. ಅದಕ್ಕಿಂತ ಕಡಿಮೆ ಶಕ್ತಿಯ ಕಬ್ಬಿಣದ ಕಿರಣ ಚರ್ಮದಲ್ಲಿ ಪೂರ್ತಿ ಹಾಳೆ ದಾಟುತ್ತದೆ. ಚರ್ಮದಲ್ಲಿ ಹಗುರ ಧಾತುಗಳೇ ಜಾಸ್ತಿ, ತಡೆಯುವುದಿಲ್ಲ. ಅದೇ ಚರ್ಮದಲ್ಲಿ ಕ್ಯಾಲ್ಸಿಯಂನ ಕಿರಣ 3.69. ಅದರ ಬಹುಪಾಲು ದಾರಿಯಲ್ಲೇ ಹೀರಿಹೋಗುತ್ತದೆ, ಆ ಬದಿಯದು ಈ ಬದಿಗೆ ಬರುವುದು ಕಷ್ಟ. ಚರ್ಮ ಹದ ಮಾಡುವಾಗ ಸುಣ್ಣದಲ್ಲಿ ನೆನೆಸುವುದರಿಂದ ಹಾಳೆಯಲ್ಲಿ ಕ್ಯಾಲ್ಸಿಯಂ ಹೇಗೂ ಇರುತ್ತದೆ. ಆದ್ದರಿಂದ ಒಂದೇ ಪುಟದ ಕಬ್ಬಿಣದ ನಕ್ಷೆಯನ್ನೂ ಕ್ಯಾಲ್ಸಿಯಂ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಈ ಬದಿಯದು ಅನ್ನುವುದಕ್ಕೆ ಸುಳಿವು ಸಿಗುತ್ತದೆ. ಆಳ ಅನ್ನುವುದು ಯಂತ್ರದ ಗುಣವಲ್ಲ, ಗೆರೆ ಮತ್ತು ವಸ್ತು ಸೇರಿ ಆಗುವ ಲೆಕ್ಕ. ಇದು ತಲೆಗೆ ಹೋಗಲು ನನಗೆ ಎರಡು ವಾರ ಹಿಡಿಯಿತು.

ಕೊನೆಗೆ ಅಕ್ಷರ ಬಿಡಿಸಿದ್ದು ಮನುಷ್ಯರೇ. ಸ್ಟ್ಯಾನ್‌ಫರ್ಡ್‌ನ ರೆವಿಯೆಲ್ ನೆಟ್ಸ್, ಆಕ್ಸ್‌ಫರ್ಡ್‌ನ ನೈಜೆಲ್ ವಿಲ್ಸನ್ ಮುಂತಾದ ಗ್ರೀಕ್ ಬಲ್ಲವರು ನಕ್ಷೆಯ ಮುಂದೆ ಕೂತು, ಸಾಲಿನ ದಿಕ್ಕು ನೋಡಿ, ಬರವಣಿಗೆಯ ಓರೆ ನೋಡಿ, ಇಲ್ಲಿ ಗಣಿತದ ಯಾವ ಮಾತು ಬರಬೇಕು ಅನ್ನುವ ಅಂದಾಜಿನ ಮೇಲೆ ಒಂದೊಂದೇ ಅಕ್ಷರ ಎತ್ತಿದರು. ಹಳೇ ಶಾಸನದ ಅಚ್ಚು ತೆಗೆದು, ಸವೆದ ಅಕ್ಷರವನ್ನು ಛಂದಸ್ಸಿನ ಬಲದಿಂದ ಊಹಿಸುವವರ ಕೆಲಸ ನೋಡಿದ್ದರೆ ಇದು ಅರ್ಥವಾಗುತ್ತದೆ.

ಖೋಟಾ ಚಿತ್ರಗಳ ಹಸಿರು ಬಣ್ಣದ ಮಾತು ಬೇರೆ. ಅದರಲ್ಲಿ ಥ್ಯಾಲೋಸಯನಿನ್ ಹಸಿರು ಇದೆ ಅಂತ ಗೊತ್ತಾಯಿತು. ಆ ಬಣ್ಣ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಅಂದರೆ ಚಿತ್ರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಆದರೆ ಎಕ್ಸ್‌ಆರ್‌ಎಫ್ ಒಂದರಿಂದಲೇ ಈ ತೀರ್ಪು ಕೊಡಲು ಬರುವುದಿಲ್ಲ. ಆ ಹಸಿರಿನಲ್ಲಿ ಇರುವ ಲೋಹ ತಾಮ್ರ. ಸಾವಿರಾರು ವರ್ಷದಿಂದ ಬಳಸುವ ಮ್ಯಾಲಕೈಟ್ ಕಲ್ಲಿನ ಹಸಿರಿನಲ್ಲೂ ತಾಮ್ರ, ತಾಮ್ರದ ಕಿಲುಬಿನಿಂದ ಮಾಡುವ ಹಸಿರಿನಲ್ಲೂ ತಾಮ್ರ. ಕ್ಲೋರಿನ್ ಜೊತೆಗೆ ಕಂಡರೆ ಅನುಮಾನ ಪಡಬಹುದು, ಅಷ್ಟೇ. ಯಂತ್ರ ಧಾತುವಿನ ಹೆಸರು ಹೇಳುತ್ತದೆ, ಅದು ಯಾವ ಮನೆಯಲ್ಲಿ ಸಂಸಾರ ಮಾಡುತ್ತಿದೆ ಅಂತ ಹೇಳುವುದಿಲ್ಲ. ಇದನ್ನು ಮರೆತು, ತಾಮ್ರ ಸಿಕ್ಕಿತು ಆದ್ದರಿಂದ ಹಳೇ ಬಣ್ಣ ಅಂತ ಬರೆದ ವರದಿಗಳನ್ನು ನಾನು ನೋಡಿದ್ದೇನೆ.

ಮೊದಲ ಪುಟ

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆರ್ಕಿಮಿಡೀಸನದಲ್ಲ. ಪ್ರಾರ್ಥನಾ ಪುಸ್ತಕದ ಮೊದಲ ಪುಟ ತೀರಾ ಹಾಳಾಗಿತ್ತು. ಅದರ ಮೇಲೆ ಏನಿದೆ ಅಂತ ಯಾರಿಗೂ ಓದಲು ಆಗಿರಲಿಲ್ಲ. 2006ರಲ್ಲಿ ಅದನ್ನೂ ಕಿರಣದ ಮುಂದಿಟ್ಟರು. ಕಬ್ಬಿಣದ ನಕ್ಷೆಯಲ್ಲಿ ಒಂದು ಹೆಸರು, ಒಂದು ತಾರೀಕು ಎದ್ದು ಬಂತು. ಯೊಹಾನೆಸ್ ಮಿರೋನಾಸ್. 1229ರ ಏಪ್ರಿಲ್ 14. ಆ ವರ್ಷದ ಈಸ್ಟರ್ ಹಬ್ಬದ ಹಿಂದಿನ ದಿನ ಅದು.

ಆರ್ಕಿಮಿಡೀಸನ ಹಾಳೆಗಳ ಮೇಲೆ ಪ್ರಾರ್ಥನೆ ಬರೆದವನು ಇವನು. ಎಲ್ಲರೂ ಗಣಿತವನ್ನು ಅಳಿಸಿದವನು ಅಂತ ಇವನ ಮೇಲೆ ಸಿಟ್ಟಾಗುತ್ತಾರೆ. ನನಗೆ ಹಾಗೆ ಅನಿಸಲಿಲ್ಲ. ಅವನು ಆ ಹಾಳೆಗಳನ್ನು ಪ್ರಾರ್ಥನಾ ಪುಸ್ತಕ ಮಾಡಿದ್ದರಿಂದಲೇ ಮಠದ ಜನ ಶತಮಾನಗಟ್ಟಲೆ ಅವನ್ನು ಜೋಪಾನವಾಗಿ ಇಟ್ಟುಕೊಂಡರು. ಆರ್ಕಿಮಿಡೀಸನ ಉಳಿದ ಹಳೇ ಪ್ರತಿಗಳು ಏನಾದವು? ಒಂದೂ ಉಳಿದಿಲ್ಲ. ಅದೇನೇ ಇರಲಿ, ಈ ಪುಸ್ತಕದಲ್ಲಿ ಪ್ರಾರ್ಥನೆಗಳ ಕೆಳಗೆ ಬರೀ ಆರ್ಕಿಮಿಡೀಸ್ ಇರಲಿಲ್ಲ. ಅಥೆನ್ಸ್‌ನ ಹೈಪರೈಡಿಸ್ ಎಂಬ ಭಾಷಣಕಾರನ ಮಾತುಗಳು, ಅರಿಸ್ಟಾಟಲ್ ಮೇಲಿನ ಒಂದು ವ್ಯಾಖ್ಯಾನ, ಇವೂ ಅದೇ ಕೆರೆದ ಹಾಳೆಗಳಲ್ಲಿ ಸಿಕ್ಕಿವೆ. ಚಿತ್ರಗಳು, ಓದಿದ ಪಾಠ ಎಲ್ಲವನ್ನೂ 2008ರ ಅಕ್ಟೋಬರ್ 29ರಂದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ಕಬ್ಬಿಣದ ನಕ್ಷೆ ಇಳಿಸಿಕೊಂಡು ಕಣ್ಣು ನೋಯುವ ತನಕ ನೋಡಬಹುದು. ನಾನು ನೋಡಿದ್ದೇನೆ. ಗ್ರೀಕ್ ಬರುವುದಿಲ್ಲ, ಆದರೂ ನಾಲ್ಕು ಬರಹಗಳಲ್ಲಿ ಯಾವುದು ಯಾವ ಕಡೆಯದು ಅಂತ ಬಿಡಿಸುವ ಆಟ ಬೇಸರ ಬರುವುದಿಲ್ಲ.

ತಾಳೆಗರಿ ತಂದವರು

ಟಿಪ್ಪಣಿ ಒಪ್ಪಿಸಿ ಯಂತ್ರ ಮತ್ತೆ ಕೈಗೆ ಬಂದ ಮೇಲೆ, ಸಂಬಂಧದಲ್ಲಿ ದೊಡ್ಡಪ್ಪ ಆಗುವವರೊಬ್ಬರು ಒಂದು ಕಟ್ಟು ತಾಳೆಗರಿ ತೆಗೆದುಕೊಂಡು ಬಂದರು. ಮನೆ ಅಟ್ಟದಲ್ಲಿ ಇತ್ತಂತೆ. ಗರಿಗಳು ಕಂದಾಗಿದ್ದವು, ಅಕ್ಷರ ಕೊರೆದ ಗೀರು ಇತ್ತು, ಕಪ್ಪು ಹೋಗಿತ್ತು.

"ನೀನು ಅದೇನೋ ಎಕ್ಸ್-ರೇ ಕಲಿತಿದ್ದೀಯಂತಲ್ಲೋ. ಇಟಲಿನೋ ಗ್ರೀಸೋ, ಯಾರದೋ ಪುಸ್ತಕ ಓದಿದ್ರಂತೆ. ಇದನ್ನೂ ಓದಿಬಿಡು."

"ದೊಡ್ಡಪ್ಪ, ಅದು ಅವರ ಮಸಿಯಲ್ಲಿ ಕಬ್ಬಿಣ ಇತ್ತು, ಅದಕ್ಕೆ ಆಯ್ತು. ನಮ್ಮದು ದೀಪದ ಕಾಡಿಗೆ."

ಕಂಟ ಅನ್ನುವ ಚೂಪು ಮೊನೆಯ ಲೇಖನಿಯಿಂದ ಗರಿಯ ಮೇಲೆ ಗೀರಿ, ಕಾಡಿಗೆ ಸವರಿ ಒರೆಸಿದ ಬರಹ ಅದು. ಕಾಡಿಗೆ ಬರೀ ಇಂಗಾಲ. ಇಂಗಾಲದ ಗೆರೆ 0.28. ಕೆಲವು ಮಿಲಿಮೀಟರ್ ಗಾಳಿಯನ್ನೂ ಅದು ದಾಟಲಾರದು, ನನ್ನ ಯಂತ್ರದ ಕಿಟಕಿಯನ್ನಂತೂ ದಾಟುವುದೇ ಇಲ್ಲ. ಮೇಲಾಗಿ ಗರಿಯೂ ಇಂಗಾಲವೇ. ಕಪ್ಪು ಬೆಕ್ಕನ್ನು ಕತ್ತಲೆ ಕೋಣೆಯಲ್ಲಿ ಹುಡುಕಿದ ಹಾಗೆ. ಕಡತವಾಗಿದ್ದರೂ ಬಹಳ ಬೇರೆಯಾಗುತ್ತಿರಲಿಲ್ಲ. ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು. ಬಳಪದ ಕಲ್ಲಿನಲ್ಲಿ ಮೆಗ್ನೀಸಿಯಂ ಇದೆ, ಅದರ ಗೆರೆ 1.25. ಹೀಲಿಯಂ ಹಾಯಿಸಿ, ಹತ್ತಿರದಿಂದ ಹಿಡಿದು, ತುಂಬ ಹೊತ್ತು ಎಣಿಸಿದರೆ ಏನಾದರೂ ಸಿಗಬಹುದು. ಕಣ್ಣಿಗೆ ಕಾಣುವುದಕ್ಕಿಂತ ಜಾಸ್ತಿ ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ.

ದೊಡ್ಡಪ್ಪನ ಮುಖ ಸಪ್ಪಗಾಯಿತು. ಯಂತ್ರವನ್ನು ಪೆಟ್ಟಿಗೆಗೆ ಹಾಕಿದೆ. ಒಂದು ಗರಿಯನ್ನು ಮೇಜಿನ ಮೇಲಿಟ್ಟು, ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಗರಿಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟೆ. ಗೀರುಗಳ ಒಂದು ಅಂಚಿಗೆ ನೆರಳು ಬಿತ್ತು. ಅವರು ಕನ್ನಡಕ ಹಣೆಗೇರಿಸಿ ಬಗ್ಗಿದರು.

"ತಡಿ, ತಡಿ. ಸ್ವಲ್ಪ ಎಡಕ್ಕೆ ಹಿಡಿ. ಇದು ಶ್ರೀ ಅಲ್ವೇನೋ?"